31 ಚುಚ್ಚು, ಒಂದೇ ಕೋಡ್: ಒಂದು ಬೊಟಾಕ್ಸ್ ಬಿಲ್ ಬಿಚ್ಚಿ ನೋಡೋಣ



ಇವತ್ತಿನ ಕಂತಿನ ವಿಷಯ ಮೆಡಿಕಲ್ ಕೋಡಿಂಗ್. ‘ಬಿ.ಎಸ್ಸಿ. ಮುಗೀತು, ಕೋಡಿಂಗ್ ಕೋರ್ಸ್ ಸೇರ್ಲಾ?’, ‘ಬಿ.ಕಾಂ. ಆದವರನ್ನ ತಗೋತಾರಾ?’ ಅಂತ ಮೆಸೇಜ್‌ಗಳು ಬರ್ತಾನೇ ಇರುತ್ತವೆ. ಫೀಸ್ ಎಷ್ಟು, ಸಂಬಳ ಎಷ್ಟು ಅನ್ನೋದನ್ನ ಇನ್‌ಸ್ಟಿಟ್ಯೂಟ್‌ನವರು ಕೇಳದೇನೇ ಹೇಳ್ತಾರೆ. ಆದರೆ ಆ ಕುರ್ಚಿಯಲ್ಲಿ ಕೂತವರು ದಿನವಿಡೀ ಏನನ್ನ ತೀರ್ಮಾನ ಮಾಡ್ತಾರೆ, ಅದರಿಂದ ಯಾರಿಗೆ ಏನಾಗುತ್ತೆ ಅನ್ನೋದು ಆ ಜಾಹೀರಾತಿನಲ್ಲಿ ಇರಲ್ಲ. ಅದಕ್ಕೇ ಒಂದೇ ಒಂದು ಚಿಕಿತ್ಸೆ ತಗೊಂಡು, ಅದರ ಬಿಲ್ಲನ್ನ ಸಾಲು ಸಾಲಾಗಿ ಬಿಚ್ಚಿ ನೋಡೋಣ. ಚಿಕಿತ್ಸೆ ಯಾವುದು? ಬೊಟಾಕ್ಸ್ ಇಂಜೆಕ್ಷನ್.

ಬೊಟಾಕ್ಸ್ ಅಂದ ತಕ್ಷಣ ಸಿನಿಮಾದವರ ಮುಖದ ಸುಕ್ಕು ನೆನಪಾಗುತ್ತೆ, ಅಲ್ವಾ? ಆದರೆ ಸುಕ್ಕಿಗೆ ಅಂತ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು 2002ರಲ್ಲಿ. ಅದಕ್ಕೂ ಬಹಳ ಮುಂಚೆ, 1989ರಲ್ಲೇ, ಮೆಳ್ಳೆಗಣ್ಣಿಗೆ ಮತ್ತು ಕಣ್ಣಿನ ರೆಪ್ಪೆ ತಾನಾಗಿ ಬಿಗಿದುಕೊಳ್ಳೋ ತೊಂದರೆಗೆ ಈ ಔಷಧಿಗೆ ಒಪ್ಪಿಗೆ ಸಿಕ್ಕಿತ್ತು. ಇದನ್ನ ಚಿಕಿತ್ಸೆಯಾಗಿ ಬೆಳೆಸಿದವರು ಸ್ಯಾನ್ ಫ್ರಾನ್ಸಿಸ್ಕೊದ ಕಣ್ಣಿನ ಡಾಕ್ಟರ್ ಅಲನ್ ಸ್ಕಾಟ್. 2000ದಲ್ಲಿ ಕತ್ತು ತಿರುಚಿಕೊಳ್ಳೋ ಕಾಯಿಲೆಗೆ, 2010ರ ಮಾರ್ಚ್‌ನಲ್ಲಿ ತೋಳಿನ ಸ್ನಾಯು ಸೆಟೆದುಕೊಳ್ಳೋದಕ್ಕೆ, ಅದೇ ವರ್ಷ ಅಕ್ಟೋಬರ್‌ನಲ್ಲಿ ದೀರ್ಘಕಾಲದ ಮೈಗ್ರೇನ್‌ಗೆ ಒಪ್ಪಿಗೆ ಬಂತು.

ಕೆಲಸ ಮಾಡೋ ರೀತಿ ಸರಳ. ನರವು ಸ್ನಾಯುವಿಗೆ ‘ಬಿಗಿಯಾಗು’ ಅಂತ ಹೇಳೋದು ಒಂದು ರಾಸಾಯನಿಕದ ಮೂಲಕ. ಈ ಔಷಧಿ ಆ ರಾಸಾಯನಿಕ ಹೊರಗೆ ಬರದ ಹಾಗೆ ತಡೆಯುತ್ತೆ. ಸ್ನಾಯು ಸಡಿಲ ಆಗುತ್ತೆ. ಸುಮಾರು ಮೂರು ತಿಂಗಳಿಗೆ ಪರಿಣಾಮ ಇಳಿದುಹೋಗುತ್ತೆ, ಮತ್ತೆ ಚುಚ್ಚಬೇಕು. ಈ ‘ಮೂರು ತಿಂಗಳು’ ಅನ್ನೋದನ್ನ ನೆನಪಲ್ಲಿ ಇಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈಗ ಬಿಲ್‌ಗೆ ಬರೋಣ. ಅಮೆರಿಕದಲ್ಲಿ ಡಾಕ್ಟರ್‌ಗೆ ಹಣ ಬರೋದು ಹೆಚ್ಚಾಗಿ ವಿಮಾ ಕಂಪನಿಯಿಂದ, ಅಥವಾ ವಯಸ್ಸಾದವರಿಗಿರೋ ಸರ್ಕಾರಿ ವಿಮೆ ಮೆಡಿಕೇರ್‌ನಿಂದ. ಅವರಿಗೆ ಕಳಿಸೋ ಕ್ಲೇಮ್‌ನಲ್ಲಿ ಕಥೆ ಬರೆಯೋ ಹಾಗಿಲ್ಲ, ಕೋಡ್ ಮಾತ್ರ. ಆ ಕೋಡ್‌ಗಳು ಮೂರು ಪ್ರಶ್ನೆಗೆ ಉತ್ತರ ಹೇಳಬೇಕು. ಯಾಕೆ ಮಾಡಿದ್ರಿ? ಏನು ಮಾಡಿದ್ರಿ? ಯಾವ ಔಷಧಿ, ಎಷ್ಟು ಬಳಸಿದ್ರಿ? ಯಾಕೆ ಅನ್ನೋದಕ್ಕೆ ಐಸಿಡಿ-10-ಸಿಎಂ ಪುಸ್ತಕ. ಏನು ಅನ್ನೋದಕ್ಕೆ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಸಿಪಿಟಿ. ಔಷಧಿಗೆ ‘ಜೆ’ ಅಕ್ಷರದಿಂದ ಶುರುವಾಗೋ ಕೋಡ್‌ಗಳು.

ಡಾಕ್ಟರ್ ಬರೆದ ಚಾರ್ಟನ್ನ ಓದಿ ಈ ಮೂರಕ್ಕೂ ಕೋಡ್ ಹಾಕೋರು ಕೋಡರ್. ಆ ಚಾರ್ಟ್ ಓಹಾಯೊದ್ದೋ ಟೆಕ್ಸಾಸ್‌ನದ್ದೋ ಇರಬಹುದು. ಓದ್ತಿರೋ ಹುಡುಗಿ ಹಾಸನದಿಂದ ಬಂದು ಬೆಂಗಳೂರಿನ ಪಿಜಿಯಲ್ಲಿ ಇರೋವಳಾಗಿರಬಹುದು. ಸಾಮಾನ್ಯವಾಗಿ ಕೋಡಿಂಗ್‌ಗೆ ಲೈಫ್ ಸೈನ್ಸ್, ಫಾರ್ಮಸಿ, ನರ್ಸಿಂಗ್, ಫಿಸಿಯೊಥೆರಪಿ ಓದಿದವರನ್ನ ಕೇಳ್ತಾರೆ. ನಮ್ಮಂಥ ಬಿ.ಕಾಂ.ನವರು ಹೆಚ್ಚಾಗಿ ಬಿಲ್ಲಿಂಗ್, ಪೇಮೆಂಟ್ ಪೋಸ್ಟಿಂಗ್, ಎಆರ್ ಕಾಲಿಂಗ್ ಕಡೆ ಹೋಗ್ತೀವಿ. ಎರಡೂ ಒಂದೇ ಬಿಲ್ಲಿನ ಎರಡು ತುದಿ.

ಒಂದು ಉದಾಹರಣೆ ಇಟ್ಕೊಳ್ಳೋಣ. ದೀರ್ಘಕಾಲದ ಮೈಗ್ರೇನ್ ಇರೋ ಒಬ್ಬ ಮಹಿಳೆ. ಹಣೆ, ಕಪಾಳದ ಮೇಲಿನ ಭಾಗ, ತಲೆಯ ಹಿಂಭಾಗ, ಕತ್ತು, ಭುಜ – ಹೀಗೆ ಏಳು ಸ್ನಾಯು ಭಾಗಗಳಲ್ಲಿ, ಒಟ್ಟು 31 ಜಾಗದಲ್ಲಿ, ಒಂದೊಂದು ಜಾಗಕ್ಕೆ 5 ಯೂನಿಟ್‌ನಂತೆ ಚುಚ್ಚುತ್ತಾರೆ. ಒಟ್ಟು 155 ಯೂನಿಟ್. ಹೊಸಬರಿಗೆ ಇಲ್ಲಿ ಮೊದಲ ಗೊಂದಲ: 31 ಸಲ ಚುಚ್ಚಿದ್ದಾರಲ್ಲ, 31 ಸಲ ಬಿಲ್ ಮಾಡಬೇಕಾ? ಇಲ್ಲ. ಇದಕ್ಕೆ ಸಿಪಿಟಿಯಲ್ಲಿ ಇರೋದು ಒಂದೇ ಕೋಡ್, 64615. ಅದನ್ನ ಹಾಕೋದು ಒಂದೇ ಸಲ. ಎಡ, ಬಲ ಎರಡೂ ಕಡೆ ಸೇರಿಸಿಯೇ ಆ ಕೋಡ್ ಬರೆದಿರೋದರಿಂದ, ‘ಎರಡೂ ಕಡೆ ಮಾಡಿದೆ’ ಅನ್ನೋ 50 ಅನ್ನೋ ಮಾಡಿಫೈಯರ್ ಕೂಡ ಹಾಕೋ ಹಾಗಿಲ್ಲ.

ಆದರೆ ಇದೇ ಔಷಧಿಯನ್ನ ಕತ್ತು ತಿರುಚಿಕೊಳ್ಳೋ ಕಾಯಿಲೆಗೆ ಕೊಟ್ಟರೆ ಕೋಡ್ 64616. ಅದು ಒಂದು ಬದಿಗೆ ಮಾತ್ರ. ಎರಡೂ ಬದಿ ಚುಚ್ಚಿದ್ದರೆ ಅಲ್ಲಿ 50 ಹಾಕಬೇಕು. ಮುಖದ ನರಕ್ಕೆ ಸೇರಿದ ಸ್ನಾಯುಗಳಿಗೆ, ಉದಾಹರಣೆಗೆ ರೆಪ್ಪೆ ಬಿಗಿದುಕೊಳ್ಳೋದಕ್ಕೆ, 64612. ಅದೂ ಒಂದು ಬದಿಯದ್ದೇ. ಅಂದ್ರೆ ಒಂದೇ ಬಾಟಲಿ, ಒಂದೇ ಸೂಜಿ. ಎಲ್ಲಿಗೆ, ಯಾಕೆ ಚುಚ್ಚಿದ್ರು ಅನ್ನೋದರ ಮೇಲೆ ಲೆಕ್ಕದ ನಿಯಮವೇ ಬದಲಾಗುತ್ತೆ.

ಕೈಕಾಲಿನ ವಿಷಯ ಇನ್ನೂ ಸ್ವಾರಸ್ಯ. ಲಕ್ವ ಹೊಡೆದ ಮೇಲೆ ಎಷ್ಟೋ ಜನರ ಕೈ ಮಡಚಿಕೊಂಡು, ಬೆರಳು ಮುಷ್ಟಿ ಕಟ್ಟಿಕೊಂಡು ಸೆಟೆದು ಹೋಗುತ್ತೆ. ಅಂಗಿ ತೋಳಿಗೆ ಕೈ ತೂರಿಸೋಕೆ ಆಗಲ್ಲ, ಅಂಗೈ ತೊಳೆಯೋಕೆ ಆಗಲ್ಲ. ಅಂಥವರ ತೋಳಿಗೆ ಇದೇ ಇಂಜೆಕ್ಷನ್. ಇಲ್ಲಿ ಎಣಿಸಬೇಕಾದ್ದು ಚುಚ್ಚನ್ನ ಅಲ್ಲ, ಸ್ನಾಯುಗಳನ್ನ. ಒಂದು ಕೈ ಅಥವಾ ಕಾಲಿನಲ್ಲಿ ಒಂದರಿಂದ ನಾಲ್ಕು ಸ್ನಾಯು ಆದರೆ 64642. ಐದು ಅಥವಾ ಅದಕ್ಕಿಂತ ಜಾಸ್ತಿ ಆದರೆ 64644. ಬೈಸೆಪ್ಸ್ ಒಂದಕ್ಕೇ ನಾಲ್ಕು ಕಡೆ ಚುಚ್ಚಿದ್ದರೂ ಅದು ಒಂದೇ ಸ್ನಾಯು. ಅದೇ ದಿನ ಇನ್ನೊಂದು ಕೈಯೋ ಕಾಲೋ ಸೇರಿದರೆ ಅದಕ್ಕೆ ಬೇರೆ ಕೋಡ್: ನಾಲ್ಕರ ಒಳಗೆ 64643, ಐದು ಮತ್ತು ಮೇಲೆ 64645. ತೋಳಿನಲ್ಲಿ ಐದು ಸ್ನಾಯು, ಕಾಲಿನಲ್ಲಿ ಮೂರು ಅಂದ್ರೆ 64644 ಜೊತೆ 64643.

ಈಗ ಡಾಕ್ಟರ್ ಚಾರ್ಟ್‌ನಲ್ಲಿ ‘ಬಲಗೈಗೆ ಬೊಟಾಕ್ಸ್ 200 ಯೂನಿಟ್ ಕೊಟ್ಟೆ’ ಅಂತ ಮಾತ್ರ ಬರೆದಿದ್ದಾರೆ ಅಂದ್ಕೊಳ್ಳಿ. ಸ್ನಾಯುಗಳ ಹೆಸರಿಲ್ಲ. ‘200 ಯೂನಿಟ್ ಅಂದ್ರೆ ಐದು ಸ್ನಾಯು ಇದ್ದೇ ಇರುತ್ತೆ’ ಅಂತ ಊಹಿಸಿ 64644 ಹಾಕಬಹುದಾ? ಹಾಕೋ ಹಾಗಿಲ್ಲ. ಈ ಕೆಲಸದಲ್ಲಿ ಮೊದಲ ದಿನ ಕಲಿಸೋ ಪಾಠ ಇದೇ: ಬರೆದಿಲ್ಲ ಅಂದ್ರೆ ಮಾಡಿಲ್ಲ. ಚಾರ್ಟನ್ನ ತಡೆಹಿಡಿದು ಡಾಕ್ಟರ್‌ಗೆ ಕ್ವೆರಿ ಕಳಿಸಬೇಕು. ‘ಯಾವ ಯಾವ ಸ್ನಾಯು ಅಂತ ತಿಳಿಸಿ’ ಅಂತ ಕೇಳಬಹುದು. ‘ಐದು ಅಂತ ಬರೆದುಕೊಡಿ’ ಅಂತ ಕೇಳೋ ಹಾಗಿಲ್ಲ. ಎರಡೂ ಮಾತಿನ ನಡುವೆ ಇರೋ ವ್ಯತ್ಯಾಸವೇ ಈ ವೃತ್ತಿ.

ಇನ್ನು ಔಷಧಿಯ ಸಾಲು. ಕಾಮರ್ಸ್‌ನವರಿಗೆ ಇದು ಇಷ್ಟ ಆಗುತ್ತೆ. ಬೊಟಾಕ್ಸ್‌ನ ಕೋಡ್ ಜೆ0585. ಅದರ ಅಳತೆ 1 ಯೂನಿಟ್. ಬಾಟಲಿ ಬರೋದು 100 ಅಥವಾ 200 ಯೂನಿಟ್‌ನದ್ದು. ಯಾರೋ ‘ಒಂದು ಬಾಟಲಿ ಬಳಸಿದ್ರು’ ಅಂತ ಕ್ವಾಂಟಿಟಿ ಜಾಗದಲ್ಲಿ 1 ಅಂತ ಹಾಕಿದರೆ, ಇಡೀ ಬಾಟಲಿಯ ದುಡ್ಡಿನ ಬದಲು ಒಂದು ಯೂನಿಟ್‌ನ ದುಡ್ಡು ಬರುತ್ತೆ. ನಮ್ಮ ಅಂಗಡಿಯಲ್ಲಿ ಅಕ್ಕಿ ಮೂಟೆ ಕೊಟ್ಟು ಒಂದು ಕೆಜಿ ಅಂತ ಬಿಲ್ ಬರೆದ ಹಾಗೆ.

ಇದೇ ಜಾತಿಯ ಬೇರೆ ಬ್ರ್ಯಾಂಡ್‌ಗಳೂ ಇವೆ, ಅವುಗಳ ಅಳತೆಯೇ ಬೇರೆ. ಡಿಸ್‌ಪೋರ್ಟ್‌ನ ಕೋಡ್ ಜೆ0586, ಒಂದು ಲೆಕ್ಕ ಅಂದ್ರೆ 5 ಯೂನಿಟ್. ಹಾಗಾಗಿ 500 ಯೂನಿಟ್ ಕೊಟ್ಟರೆ ಕ್ಲೇಮ್‌ನಲ್ಲಿ 100. ಮಯೊಬ್ಲಾಕ್ ಆದರೆ ಜೆ0587, ಒಂದು ಲೆಕ್ಕಕ್ಕೆ 100 ಯೂನಿಟ್. 5000 ಕೊಟ್ಟರೆ 50. ಕ್ಸಿಯೊಮಿನ್‌ಗೆ ಜೆ0588, ಮತ್ತೆ 1 ಯೂನಿಟ್. ಒಂದು ಬ್ರ್ಯಾಂಡಿನ ಯೂನಿಟ್ ಇನ್ನೊಂದಕ್ಕೆ ಸಮ ಅಲ್ಲ. ಡಿಸ್‌ಪೋರ್ಟ್‌ಗೆ 500 ಅಂತಲೇ ಹಾಕಿಬಿಟ್ಟರೆ ಕೊಟ್ಟಿದ್ದರ ಐದು ಪಟ್ಟು ಬಿಲ್ ಆಯ್ತು. ಕೈತಪ್ಪು ಅಂತ ನಮಗೆ ಅನ್ನಿಸಬಹುದು. ಹಣ ಕೊಡೋರ ಕಣ್ಣಿಗೆ ಅದು ಹೆಚ್ಚುವರಿ ವಸೂಲಿ.

ನಮ್ಮ ಮೈಗ್ರೇನ್ ಉದಾಹರಣೆಗೆ ವಾಪಸ್ ಬನ್ನಿ. 200 ಯೂನಿಟ್‌ನ ಬಾಟಲಿ ಒಡೆದು 155 ಕೊಟ್ಟರು. ಉಳಿದ 45? ಒಬ್ಬ ರೋಗಿಗೆ ಮಾತ್ರ ಬಳಸಬೇಕಾದ ಬಾಟಲಿ ಅದು, ಉಳಿದದ್ದನ್ನ ಎಸೆಯಬೇಕು. ಮೆಡಿಕೇರ್‌ಗೆ ಕಳಿಸೋ ಕ್ಲೇಮ್‌ನಲ್ಲಿ ಇದು ಎರಡು ಸಾಲು: ಜೆ0585 ಮುಂದೆ 155, ಇನ್ನೊಂದು ಸಾಲಿನಲ್ಲಿ ಅದೇ ಕೋಡ್‌ಗೆ ‘ಜೆಡಬ್ಲ್ಯೂ’ ಮಾಡಿಫೈಯರ್ ಸೇರಿಸಿ 45. ಏನೂ ಎಸೆದಿಲ್ಲ ಅಂದ್ರೆ ‘ಜೆಝಡ್’ ಹಾಕಬೇಕು. ಇದು 2023ರ ಜುಲೈ 1ರಿಂದ ಕಡ್ಡಾಯ. ಎಷ್ಟು ಕೊಟ್ಟರು, ಎಷ್ಟು ಎಸೆದರು ಅನ್ನೋದು ಚಾರ್ಟ್‌ನಲ್ಲೂ ಇರಬೇಕು.

ಎಸೆದದ್ದಕ್ಕೂ ಲೆಕ್ಕ ಯಾಕೆ ಅಂತೀರಾ? ಎಸೆದ ಔಷಧಿಗೂ ಮೆಡಿಕೇರ್ ಹಣ ಕೊಡುತ್ತೆ. ಮೆಡಿಕೇರ್ ಪಾರ್ಟ್ ಬಿಯಲ್ಲಿ ಸಾಮಾನ್ಯವಾಗಿ ಶೇ 20 ರೋಗಿಯ ಪಾಲು, ಅಂದ್ರೆ ಕಸದ ಬುಟ್ಟಿಗೆ ಹೋದ ಔಷಧಿಯ ಒಂದು ಪಾಲು ಅಜ್ಜ-ಅಜ್ಜಿಯರ ಜೇಬಿನಿಂದಲೂ ಹೋಗುತ್ತೆ. ಇದನ್ನ ನೋಡಿಯೇ 2021ರಲ್ಲಿ ಅಮೆರಿಕ ಒಂದು ಕಾನೂನು ಮಾಡ್ತು. ಒಂದೇ ಸಲ ಬಳಸೋ ಬಾಟಲಿಯ ಔಷಧಿಯಲ್ಲಿ ಎಸೆದ ಪ್ರಮಾಣ ಒಂದು ಮಿತಿ ದಾಟಿದರೆ – ಸಾಮಾನ್ಯವಾಗಿ ಶೇ 10 – ಹೆಚ್ಚಿನದರ ಹಣವನ್ನ ತಯಾರಿಸಿದ ಕಂಪನಿಯೇ ಸರ್ಕಾರಕ್ಕೆ ವಾಪಸ್ ಕೊಡಬೇಕು. 2023ರಿಂದ ಇದು ಜಾರಿಯಲ್ಲಿದೆ. ಆ ಲೆಕ್ಕಕ್ಕೆ ಆಧಾರ ಯಾವುದು? ನೀವು ಇಲ್ಲಿ ಕೂತು ಹಾಕೋ ಆ ‘ಜೆಡಬ್ಲ್ಯೂ’ ಸಾಲು.

ಇನ್ನೊಂದು ಸೂಕ್ಷ್ಮ. ಕೆಲವು ಸಲ ಔಷಧಿಯನ್ನ ಡಾಕ್ಟರ್ ತಮ್ಮ ದುಡ್ಡಲ್ಲಿ ಕೊಂಡಿರಲ್ಲ. ರೋಗಿಯ ವಿಮೆಯ ಮೇಲೆ ಸ್ಪೆಷಾಲಿಟಿ ಫಾರ್ಮಸಿಯೇ ಕಳಿಸಿರುತ್ತೆ, ಹಣವನ್ನೂ ಅದೇ ವಸೂಲಿ ಮಾಡಿರುತ್ತೆ. ಆಗ ಡಾಕ್ಟರ್ ಚುಚ್ಚಿದ ಕೆಲಸಕ್ಕೆ ಮಾತ್ರ ಹಣ ಕೇಳಬಹುದು, ಔಷಧಿಗೆ ಕೇಳೋ ಹಾಗಿಲ್ಲ. ಇದನ್ನ ಗಮನಿಸದಿದ್ದರೆ ಒಂದೇ ಬಾಟಲಿಗೆ ಎರಡು ಸಲ ಬಿಲ್ ಆಗುತ್ತೆ.

ಈಗ ಮೂರನೇ ಪ್ರಶ್ನೆ: ಯಾಕೆ? ನನ್ನ ಪ್ರಕಾರ ಇಡೀ ಬಿಲ್ಲಿನಲ್ಲಿ ಕಷ್ಟದ ಜಾಗ ಇದು. ಲೆಕ್ಕ ತಪ್ಪೋದರಿಂದ ಅಲ್ಲ, ಇಲ್ಲಿ ಮನಸ್ಸು ಜಾರುತ್ತೆ, ಅದಕ್ಕೆ.

ದೀರ್ಘಕಾಲದ ಮೈಗ್ರೇನ್ ಅಂದ್ರೆ ತಿಂಗಳಲ್ಲಿ 15 ಅಥವಾ ಹೆಚ್ಚು ದಿನ ತಲೆನೋವು, ದಿನಕ್ಕೆ ನಾಲ್ಕು ಗಂಟೆ ಅಥವಾ ಹೆಚ್ಚು. ಎಫ್‌ಡಿಎ ಒಪ್ಪಿಗೆ ಇರೋದು ಇದಕ್ಕೆ. ತಿಂಗಳಿಗೆ 14 ದಿನ ಅಥವಾ ಕಮ್ಮಿ ಬರೋ ಮೈಗ್ರೇನ್‌ಗೆ ಅಲ್ಲ. ಇದಕ್ಕೆ ಕೋಡ್ ಜಿ43.709, ಅಥವಾ ಚಿಕಿತ್ಸೆಗೆ ಬಗ್ಗದ ಬಗೆಯದ್ದಾದರೆ ಜಿ43.719. ಡಾಕ್ಟರ್ ಚಾರ್ಟ್‌ನಲ್ಲಿ ಬರೀ ‘ಮೈಗ್ರೇನ್’ ಅಂತ ಬರೆದಿದ್ದರೆ? ಆಗ ಸಿಗೋದು ಜಿ43.909, ‘ಯಾವ ಬಗೆ ಅಂತ ಹೇಳಿಲ್ಲ’ ಅನ್ನೋ ಕೋಡ್. ಅದರ ಜೊತೆ 64615 ಕಳಿಸಿದರೆ ಕ್ಲೇಮ್ ತಿರಸ್ಕಾರ ಆಗೋ ಸಂಭವವೇ ಜಾಸ್ತಿ.

ಕೋಡರ್‌ಗೆ ಇದು ಗೊತ್ತು. ಜಿ43.709 ಹಾಕಿದರೆ ಪಾಸ್ ಆಗುತ್ತೆ ಅನ್ನೋದೂ ಗೊತ್ತು. ‘ಬೊಟಾಕ್ಸ್ ಕೊಟ್ಟಿದ್ದಾರೆ ಅಂದ್ಮೇಲೆ ದೀರ್ಘಕಾಲದ್ದೇ ಇರುತ್ತೆ ಬಿಡು’ ಅಂತ ಮನಸ್ಸು ಹೇಳುತ್ತೆ. ದಿನದ ಟಾರ್ಗೆಟ್ ತಲೆ ಮೇಲಿದೆ, ಗುಣಮಟ್ಟ ಸಾಮಾನ್ಯವಾಗಿ ಶೇ 95ರ ಮೇಲೆ ಇರಬೇಕು, ಕ್ವೆರಿ ಹಾಕಿದರೆ ಉತ್ತರ ಬರೋಕೆ ದಿನಗಟ್ಟಲೆ ಬೇಕು. ಬೆರಳು ಒಂದು ಅಂಕಿ ಬದಲಿಸಿದರೆ ಮುಗೀತು. ಆದರೆ ಆ ಒಂದು ಅಂಕಿಯಿಂದ ಡಾಕ್ಟರ್ ಹೇಳದ ಕಾಯಿಲೆಯನ್ನ ನೀವು ರೋಗಿಗೆ ಅಂಟಿಸಿದ ಹಾಗಾಯ್ತು. ಅದು ಆಕೆಯ ದಾಖಲೆಯಲ್ಲಿ ಉಳಿಯುತ್ತೆ. ಅಲ್ಲಿಂದ ಮುಂದಿನ ಪ್ರತಿಯೊಬ್ಬರೂ ಅದನ್ನೇ ನಿಜ ಅಂತ ಓದ್ತಾರೆ.

ಇದು ಬರೀ ನೀತಿಪಾಠ ಅಲ್ಲ, ನಡೆದ ಕೇಸು ಇದೆ. 2010ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಒಂದು ಪ್ರಕಟಣೆ ಕೊಡ್ತು. ಬೊಟಾಕ್ಸ್ ತಯಾರಿಸ್ತಿದ್ದ ಅಲರ್ಗನ್ ಕಂಪನಿ 60 ಕೋಟಿ ಡಾಲರ್ ಕೊಡೋಕೆ ಒಪ್ಪಿತ್ತು. ಆವಾಗ ಒಪ್ಪಿಗೆ ಇಲ್ಲದಿದ್ದ ತಲೆನೋವು, ನೋವು, ಸ್ನಾಯು ಸೆಟೆತ, ಮಕ್ಕಳ ಸೆರೆಬ್ರಲ್ ಪಾಲ್ಸಿ ಇವುಗಳಿಗೆ ಬೊಟಾಕ್ಸ್ ಬಳಸೋ ಹಾಗೆ ಪ್ರಚಾರ ಮಾಡಿದ್ದಕ್ಕೆ ಕ್ರಿಮಿನಲ್ ಭಾಗದಲ್ಲಿ 37.5 ಕೋಟಿ, ಸಿವಿಲ್ ಭಾಗದಲ್ಲಿ 22.5 ಕೋಟಿ. ಆ ಸಿವಿಲ್ ಆರೋಪಗಳಲ್ಲಿ ಒಂದು ಏನು ಗೊತ್ತಾ? ಸರ್ಕಾರಿ ವಿಮೆಯಿಂದ ಹಣ ಬರೋ ಹಾಗೆ ತಪ್ಪು ಕೋಡ್ ಹಾಕೋದನ್ನ ಡಾಕ್ಟರ್‌ಗಳಿಗೆ ಹೇಳಿಕೊಟ್ಟರು ಅನ್ನೋದು. ಸಿವಿಲ್ ಆರೋಪಗಳು ಒಪ್ಪಂದದಲ್ಲಿ ಇತ್ಯರ್ಥ ಆದವೇ ಹೊರತು ವಿಚಾರಣೆ ನಡೆದು ಸಾಬೀತಾದವಲ್ಲ, ಅದನ್ನೂ ಹೇಳಬೇಕು.

ಇದರಲ್ಲಿ ಗಮನಿಸೋ ವಿಷಯ ಇನ್ನೊಂದಿದೆ. ಮುಂದಿನ ತಿಂಗಳೇ, ಅಕ್ಟೋಬರ್‌ನಲ್ಲಿ, ದೀರ್ಘಕಾಲದ ಮೈಗ್ರೇನ್‌ಗೆ ಬೊಟಾಕ್ಸ್‌ಗೆ ಒಪ್ಪಿಗೆ ಸಿಕ್ತು. ಔಷಧಿ ಉಪಯೋಗಕ್ಕೆ ಬಂತು ಅಂತ ಆದ ಮಾತ್ರಕ್ಕೆ, ಹಿಂದೆ ಯಾರಾದರೂ ಸುಳ್ಳು ಕಾರಣ ಬರೆದಿದ್ದರೆ ಅದು ಸತ್ಯ ಆಗಲ್ಲ. ಚಿಕಿತ್ಸೆ ಒಳ್ಳೇದೇ ಇರಬಹುದು, ಡಾಕ್ಟರ್ ಒಳ್ಳೆಯವರೇ ಇರಬಹುದು. ಕ್ಲೇಮ್ ಕೇಳೋದು ಒಂದೇ: ಅವತ್ತು ಏನು ನಡೀತು, ಯಾಕೆ ನಡೀತು?

ಹಾಗಂತ ಬಿಗಿಯಾಗಿ ಕೂತು ಎಲ್ಲದಕ್ಕೂ ಇಲ್ಲ ಅನ್ನೋದೇ ಪ್ರಾಮಾಣಿಕತೆ ಅಂದ್ಕೋಬೇಡಿ. ಕಮ್ಮಿ ಕೋಡ್ ಹಾಕೋದೂ ತಪ್ಪೇ. ಡಾಕ್ಟರ್ ಸ್ಪಷ್ಟವಾಗಿ ಐದು ಸ್ನಾಯುಗಳ ಹೆಸರು ಬರೆದಿದ್ದರೆ 64642 ಹಾಕಿ ‘ಸೇಫ್’ ಆಗೋ ಹಾಗಿಲ್ಲ. ಸೂಜಿ ಸರಿಯಾದ ಸ್ನಾಯುವಿಗೆ ಹೋಗ್ತಿದೆಯಾ ಅಂತ ನೋಡೋಕೆ ಇಎಂಜಿ ಯಂತ್ರ ಬಳಸಿದ್ದನ್ನ ಬರೆದಿದ್ದರೆ 95874 ಸೇರಿಸಬೇಕು. ಅದು ಅವರು ಮಾಡಿದ ಕೆಲಸ.

ಮತ್ತೆ, ತಿರಸ್ಕಾರ ಆದ ಕ್ಲೇಮ್‌ನ ಇನ್ನೊಂದು ತುದಿಯಲ್ಲಿ ರೋಗಿ ಇದ್ದಾರೆ. ಬಹಳಷ್ಟು ವಿಮಾ ಕಂಪನಿಗಳು ಬೊಟಾಕ್ಸ್‌ಗೆ ಮೊದಲೇ ಒಪ್ಪಿಗೆ ಕೇಳ್ತವೆ. ಬೇರೆ ಮಾತ್ರೆಗಳನ್ನ ಪ್ರಯತ್ನಿಸಿ ಫಲ ಸಿಕ್ಕಿಲ್ಲ ಅನ್ನೋದು ಚಾರ್ಟ್‌ನಲ್ಲಿ ಇರಬೇಕು ಅಂತವೆ. ಮೆಡಿಕೇರ್ ಕೂಡ 2020ರ ಜುಲೈ 1ರಿಂದ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೊಡೋ ಕೆಲವು ಬೊಟಾಕ್ಸ್ ಇಂಜೆಕ್ಷನ್‌ಗಳಿಗೆ ಈ ಮುಂಗಡ ಒಪ್ಪಿಗೆ ತಂದಿದೆ. ಮೈಗ್ರೇನ್‌ಗೆ ಎರಡು ಡೋಸ್ ನಡುವೆ 12 ವಾರ ಇರಬೇಕು. ರೋಗಿಯ ಅನುಕೂಲಕ್ಕೆ ಅಂತ 11ನೇ ವಾರದಲ್ಲಿ ಕೊಟ್ಟುಬಿಟ್ಟರೆ ಹಣ ನಿಲ್ಲಬಹುದು. ಮೊದಲು ನೆನಪಿಟ್ಕೊಳ್ಳಿ ಅಂದೆನಲ್ಲ, ಆ ಮೂರು ತಿಂಗಳು ಇದು. ಹಳೇ ಕ್ಲೇಮ್ ಸಿಕ್ಕಿಹಾಕಿಕೊಂಡು ಮುಂದಿನ ಡೋಸ್ ತಡ ಆದರೆ, ಔಷಧಿಯ ಪರಿಣಾಮ ಇಳಿದು ತಲೆನೋವು ವಾಪಸ್ ಬರುತ್ತೆ. ಸಡಿಲ ಆಗಿದ್ದ ಮುಷ್ಟಿ ಮತ್ತೆ ಕಟ್ಟಿಕೊಳ್ಳುತ್ತೆ.

ಅದನ್ನ ಸರಿಮಾಡೋಕೆ ಫೋನ್ ಹಿಡಿಯೋರು ಎಆರ್ ಕಾಲರ್‌ಗಳು. ಬೇಸಿಗೆಯಲ್ಲಿ ಅಮೆರಿಕದ ಪೂರ್ವ ತೀರದಲ್ಲಿ ಬೆಳಿಗ್ಗೆ ಒಂಬತ್ತು ಅಂದ್ರೆ ನಮಗೆ ಸಂಜೆ ಆರೂವರೆ. ಊರು ಊಟಕ್ಕೆ ಕೂರೋ ಹೊತ್ತಿಗೆ ಇವರ ದಿನ ಶುರು. ವಿಮಾ ಕಂಪನಿಯ ಲೈನ್‌ನಲ್ಲಿ ಗಂಟೆಗಟ್ಟಲೆ ಕಾದು, ‘ಯಾಕೆ ತಿರಸ್ಕಾರ ಮಾಡಿದ್ರಿ?’ ಅಂತ ಕೇಳಬೇಕು. ಉತ್ತರ ‘ಡಯಾಗ್ನೊಸಿಸ್ ಹೊಂದಾಣಿಕೆ ಆಗಿಲ್ಲ’ ಅಂತ ಬಂದಾಗ, ಡಯಾಗ್ನೊಸಿಸ್ ಅಂದ್ರೆ ಏನು, ಜಿ43.909ಕ್ಕೂ ಜಿ43.709ಕ್ಕೂ ಏನು ವ್ಯತ್ಯಾಸ ಅಂತ ಗೊತ್ತಿರೋ ಕಾಲರ್‌ಗೆ ಮುಂದಿನ ಹೆಜ್ಜೆ ಗೊತ್ತಿರುತ್ತೆ. ಗೊತ್ತಿಲ್ಲದವರು ‘ಓಕೆ, ಥ್ಯಾಂಕ್ಯೂ’ ಅಂತ ನೋಟ್ಸ್ ಬರೆದು ಫೋನ್ ಇಡ್ತಾರೆ. ಬಿ.ಕಾಂ. ಮಾಡಿದ ಗೆಳೆಯರಿಗೆ ನಾನು ಹೇಳೋದು ಇಷ್ಟೇ: ಸ್ನಾಯುಗಳ ಹೆಸರು ಬಾಯಿಪಾಠ ಬೇಡ, ಆದರೆ ನೀವು ಯಾವ ಬಿಲ್ಲಿನ ಹಿಂದೆ ಬಿದ್ದಿದ್ದೀರೋ ಅದರ ಕಾಯಿಲೆ ಏನು ಅಂತ ತಿಳ್ಕೊಳ್ಳಿ. ಲೆಡ್ಜರ್‌ನಲ್ಲಿ ಬಾಕಿ ಅಂತ ಕಾಣೋದು ಅಲ್ಲೊಬ್ಬರ ಮುಂದಿನ ಡೋಸ್.

ಕೋರ್ಸ್ ಸೇರೋ ಮುಂಚೆ ಇನ್‌ಸ್ಟಿಟ್ಯೂಟ್‌ನವರನ್ನ ಮೂರು ಪ್ರಶ್ನೆ ಕೇಳಿ. ರೋಗಿಯ ಗುರುತು ತೆಗೆದ ಚಾರ್ಟ್‌ಗಳನ್ನ ಕೊಟ್ಟು ಅಭ್ಯಾಸ ಮಾಡಿಸ್ತೀರಾ, ಇಲ್ಲ ಬರೀ ಪ್ರಶ್ನೋತ್ತರನಾ? ಈ ವರ್ಷದ ಪುಸ್ತಕದಲ್ಲಿ ಕಲಿಸ್ತೀರಾ? ಯಾಕಂದ್ರೆ ಕೋಡ್‌ಗಳು ಪ್ರತಿ ವರ್ಷ ಬದಲಾಗ್ತವೆ. ನಾನು ಹೇಳಿದ ಕೈಕಾಲಿನ ಕೋಡ್‌ಗಳೇ 2014ಕ್ಕೆ ಮುಂಚೆ ಇರಲಿಲ್ಲ. ಮೂರನೇದು, ಡಾಕ್ಟರ್‌ಗೆ ಕ್ವೆರಿ ಬರೆಯೋದನ್ನ ಕಲಿಸ್ತೀರಾ? ಮೂರನೇದಕ್ಕೆ ತಡವರಿಸಿದರೆ ಇನ್ನೊಂದು ಕಡೆ ವಿಚಾರಿಸಿ.

ಕೆಲಸಕ್ಕೆ ಸೇರಿದ ಮೇಲೆ ಯಾರಾದರೂ ‘ಪಾಸ್ ಆಗೋ ಕೋಡ್ ಹಾಕು, ಯೋಚನೆ ಬೇಡ’ ಅಂದ್ರೆ, ‘ಚಾರ್ಟ್‌ನಲ್ಲಿ ಎಲ್ಲಿದೆ ತೋರಿಸಿ ಸರ್’ ಅಂತ ಕೇಳಿ. ಜಗಳ ಬೇಡ, ಜೋರು ದನಿ ಬೇಡ, ಅದೊಂದು ಪ್ರಶ್ನೆ ಸಾಕು. ಇದ್ದರೆ ಅವರು ತೋರಿಸ್ತಾರೆ, ನಿಮಗೂ ಹೊಸದೊಂದು ಗೊತ್ತಾಗುತ್ತೆ. ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತೆ.

ಈ ಕೆಲಸದಲ್ಲಿ ಇರೋರು, ಇದ್ದು ಬಿಟ್ಟೋರು ವಾಯ್ಸ್ ಮೆಸೇಜ್ ಕಳಿಸಿ. ರೋಗಿಯ ವಿವರ, ಕ್ಲೈಂಟ್ ಹೆಸರು ಮಾತ್ರ ಬೇಡ, ಅದು ನಿಮ್ಮ ಕೈಯಲ್ಲಿರೋ ಇನ್ನೊಬ್ಬರ ಗುಟ್ಟು. ಮುಂದಿನ ಕಂತಿನಲ್ಲಿ ಸಿಗೋಣ.